ಮಳೆ ಬಿದ್ದ ಮೇಲೆ ಪಾವಗಡದಲ್ಲಿ

ಪಾವಗಡಕ್ಕೆ ಹೊರಗಿನವರು ಬರುವುದು ಶನಿಮಹಾತ್ಮನ ದರ್ಶನಕ್ಕೆ, ಇಲ್ಲವೇ ತಿರುಮಣಿ ಕಡೆಯ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ನೋಡಲು. ನಾನು ಮಧುಗಿರಿ ದಾಟಿ ಹೋದದ್ದು ಮುಂಗಾರಿನ ಜೋರು ಮಳೆ ಬಿತ್ತೆಂಬ ಸುದ್ದಿ ಕೇಳಿ. ಅಂಥ ಮಳೆಯಾದ ಎರಡು ಮೂರು ದಿನಕ್ಕೆ ಇಲ್ಲಿನ ಕೆಂಪು ನೆಲದೊಳಗಿಂದ ಒಂದು ಜಾತಿಯ ಹುಲಿಪತಂಗ ಮೇಲೇಳುತ್ತದೆ. ಶಾಸ್ತ್ರೀಯ ಹೆಸರು ಆಮ್ಸಾಕ್ಟಾ ಆಲ್ಬಿಸ್ಟ್ರೈಗಾ. ಅದರ ಮರಿಯೇ ಕಡ್ಲೆಕಾಯಿ ಬೆಳೆಗಾರರ ನಿದ್ದೆ ಕೆಡಿಸುವ ಕಂಬಳಿಹುಳು.

ಹೊತ್ತು ಮುಳುಗಿದ ಮೇಲೆ ಹೊಲದ ಬದುವಿನಲ್ಲಿ ಬಲ್ಬು ಕಟ್ಟಿ, ಕೆಳಗೆ ಸೀಮೆಎಣ್ಣೆ ಬೆರೆಸಿದ ನೀರಿಟ್ಟರು. ಸ್ವಲ್ಪ ಹೊತ್ತಿಗೆ ಪತಂಗಗಳು ಮುತ್ತಿಕೊಂಡವು. ಒಂದು ನನ್ನ ಅಂಗಿ ತೋಳಿನ ಮೇಲೇ ಕೂತಿತು. ಮುಂದಿನ ರೆಕ್ಕೆಯಲ್ಲಿ ಕಂದು, ಬಿಳಿ ಗೀರುಗಳು, ಅಂಚಿಗೆ ಹಳದಿ ಪಟ್ಟಿ. ರೆಕ್ಕೆ ಬಿಚ್ಚಿದಾಗ ಒಳಗಿನ ಬಿಳಿ ರೆಕ್ಕೆಯ ಕಪ್ಪು ಚುಕ್ಕೆಗಳು ಕಂಡವು. ಇಷ್ಟು ಚೆಲುವಾದ ಜೀವ ಒಂಬತ್ತು ಹತ್ತು ತಿಂಗಳು ಮಣ್ಣೊಳಗೆ ಕೋಶವಾಗಿ ಮಳೆಗೆ ಕಾದಿತ್ತು ಎನ್ನುವುದು ನನಗೆ ಈಗಲೂ ಸೋಜಿಗ.

"ಇವತ್ತು ನೋಡಕ್ಕೆ ಚೆಂದ ಸಾರ್," ಅಂದರು ಹೊಲದ ತಾತ. "ಹದಿನೈದು ದಿನ ಬಿಟ್ಟು ಬನ್ನಿ, ಎಲೆ ಉಳಿದಿರಲ್ಲ." ಒಂದೊಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ಅದಕ್ಕೇ ಈ ದೀಪ.

ಮಾರನೇ ದಿನ ಗಡಿ ದಾಟಿ ಆಂಧ್ರದ ಮಡಕಶಿರಾ ಕಡೆ ಹೋದೆವು. ಅಲ್ಲಿ ಮಳೆ ಮೊದಲೇ ಬಂದಿತ್ತು, ಹುಳುಗಳು ಬಲಿತಿದ್ದವು. ಕೆಂಗಂದು ಮೈ, ಎರಡೂ ತುದಿಗೆ ಕಪ್ಪು ಪಟ್ಟಿ, ಮೈತುಂಬ ಉದ್ದ ರೋಮ. ಒಂದು ಹೊಲದಲ್ಲಿ ಬರೀ ಕಡ್ಡಿ ನಿಂತಿತ್ತು. ಅದನ್ನು ಮುಗಿಸಿದ ಹುಳುಗಳು ದಂಡು ಕಟ್ಟಿಕೊಂಡು ಪಕ್ಕದ ಹೊಲಕ್ಕೆ ನಡೆದಿದ್ದವು. ಅಲ್ಲಿಯವರು ಅಂಚಿಗೆ ಕಾಲುವೆ ತೋಡಿ, ಎಕ್ಕದ ಕೊಂಬೆಗಳನ್ನು ಹಾಸಿದ್ದರು. ಕೊಂಬೆಗೆ ಮುತ್ತಿದ್ದ ಹುಳುಗಳನ್ನು ಹೆಂಗಸರು ಕೋಲಿನಿಂದ ಬಿಡಿಸಿ ಗುಂಡಿಗೆ ಹಾಕುತ್ತಿದ್ದರು. ಆಚೆಯ ಹೊಲದವರು ಏನೂ ಮಾಡಿರಲಿಲ್ಲ. ಹುಳುಗಳು ಆ ಕಡೆಯಿಂದ ಬರುತ್ತಲೇ ಇದ್ದವು.

ಒಬ್ಬರ ಹೊಲ ಕಾದರೆ ಸಾಲದು ಎಂಬುದು ಅಲ್ಲಿ ನಿಂತಾಗ ಖಚಿತವಾಯಿತು. ಬಲಿತ ಹುಳು ಕೋಶ ಕಟ್ಟಲು ಹುಡುಕುವುದು ಬದುವಿನ ಮರಗಿಡಗಳ ನೆರಳನ್ನು. ಬೇಸಿಗೆಯಲ್ಲಿ ಆಳವಾಗಿ ಉತ್ತರೆ ಕೋಶಗಳು ಮೇಲೆ ಬಂದು ಬಿಸಿಲಿಗೆ ಸಾಯುತ್ತವೆ, ಹಕ್ಕಿಗಳ ಪಾಲಾಗುತ್ತವೆ. ಊರೆಲ್ಲ ಒಟ್ಟಿಗೆ ಮಾಡಿದರೆ ಮಾತ್ರ ಇದರಿಂದ ಪ್ರಯೋಜನ. ತಾತನ ಮಗಳನ್ನು ಕೊಟ್ಟಿರುವುದು ಮಡಕಶಿರಾ ಕಡೆಯ ಆ ಊರಿಗೇ. ಬೇಸಿಗೆ ಉಳುಮೆಗೆ ಬೀಗರನ್ನೂ ಒಪ್ಪಿಸಿ ಎಂದು ಕೇಳಿಕೊಂಡೆ. ಅಲ್ಲೇ ಫೋನು ತೆಗೆದು ತೆಲುಗಿನಲ್ಲಿ ಮಾತು ಶುರು ಮಾಡಿದರು.