ಹರಿಕೇನ್ ಅನ್ನೋ ಹೆಸರು ಕೊಟ್ಟವರು

ಅಮೆರಿಕದ ಫ್ಲಾರಿಡಾದಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗೆ ಹರಿಕೇನ್ ಕಾಲ, ಅಂದರೆ ಕಡಲಿನಿಂದ ಬರುವ ದೊಡ್ಡ ಬಿರುಗಾಳಿಗಳ ಕಾಲ. ಇಲ್ಲಿ ಟ್ಯಾಂಪಾದಲ್ಲಿ ಆಗ ಅಂಗಡಿಗೆ ಹೋದರೂ ಅದೇ ಮಾತು, ಆಫೀಸಿಗೆ ಹೋದರೂ ಅದೇ ಮಾತು. ನಮ್ಮೂರಲ್ಲಿ ಹರಿಕೇನ್ ಅಂದರೆ ಲಾಟೀನು ಅಲ್ವಾ? ಬಿರುಗಾಳಿಗೂ ಆರುವುದಿಲ್ಲ ಅಂತಲೇ ಅದಕ್ಕೆ ಆ ಹೆಸರು.

ಗಾಳಿಗೆ ಆ ಹೆಸರಿಟ್ಟವರು ಇಂಗ್ಲಿಷರಲ್ಲ. ಕ್ಯೂಬಾ, ಪೋರ್ಟೊ ರಿಕೊ ಕಡೆಯ ದ್ವೀಪಗಳ ಮೂಲ ಜನ ತೈನೊಗಳು. ಅವರ 'ಹುರಕಾನ್' ಸ್ಪೇನಿನವರ ಬಾಯಿಗೆ ಬಂತು, ಅಲ್ಲಿಂದ ಇಂಗ್ಲಿಷಿಗೆ. ಗ್ವಾಟೆಮಾಲಾದ ಮಾಯಾ ಜನರಿಗೂ ಹುರಕಾನ್ ಎಂಬ ದೇವರಿದ್ದಾನೆ, ಒಂಟಿಕಾಲಿನವನು ಅಂತ ಅರ್ಥ. ಎರಡಕ್ಕೂ ನಂಟಿದೆಯೇ ಅಂತ ವಿದ್ವಾಂಸರು ಇನ್ನೂ ಜಗಳಾಡುತ್ತಿದ್ದಾರೆ.

ತೈನೊಗಳ ಕಥೆಯಲ್ಲಿ ಬಿರುಗಾಳಿಯ ಒಡತಿ ಗ್ವಾಬಾನ್ಸೆಕ್ಸ್. ಅವಳು ಸಿಟ್ಟಾದರೆ ಮನೆ ಉರುಳುತ್ತದೆ, ಮರ ಬುಡಸಮೇತ ಕಿತ್ತು ಬರುತ್ತದೆ. ಅವಳಿಗೆ ಇಬ್ಬರು ಸಹಾಯಕರು. ಒಬ್ಬ ಮುಂದೆ ಹೋಗಿ ಸಾರುವವನು, ಇನ್ನೊಬ್ಬ ನೀರು ಕೂಡಿಹಾಕಿ ನುಗ್ಗಿಸುವವನು. ಕೊಲಂಬಸ್ ಕಾಲದಲ್ಲಿ ಅಲ್ಲಿಗೆ ಬಂದಿದ್ದ ರಾಮೋನ್ ಪಾನೆ ಎಂಬ ಪಾದ್ರಿ ಇದನ್ನು ಬರೆದಿಟ್ಟ. ಇಲ್ಲಿ ಗಾಳಿಗಿಂತ ಜಾಸ್ತಿ ಜನರನ್ನು ಕೊಲ್ಲುವುದು ನೀರೇ. ಆ ಎರಡನೆಯವನನ್ನು ಅವರು ಸುಮ್ನೆ ಸೇರಿಸಿರಲಿಕ್ಕಿಲ್ಲ.

1502ರಲ್ಲಿ ಕೊಲಂಬಸ್, ತೈನೊಗಳ ದ್ವೀಪವೊಂದರಲ್ಲಿ ಸ್ಪೇನಿನವರ ಕೈಲಿದ್ದ ಸ್ಯಾಂಟೊ ಡೊಮಿಂಗೊ ಬಂದರಿನ ಹೊರಗೆ ನಿಂತು, ಬಿರುಗಾಳಿ ಬರುತ್ತಿದೆ, ಒಳಗೆ ಬಿಡಿ ಅಂದ. ಸ್ಪೇನಿಗೆ ಹೊರಟಿರುವ ಹಡಗುಗಳನ್ನೂ ತಡೆಯಿರಿ ಅಂದ. ಗವರ್ನರ್ ಒವಾಂಡೊ ಎರಡಕ್ಕೂ ಒಪ್ಪಲಿಲ್ಲ. ಹೊರಟ ಸುಮಾರು 30 ಹಡಗುಗಳಲ್ಲಿ 20ಕ್ಕೂ ಹೆಚ್ಚು ಮುಳುಗಿದವು. ಕೊಲಂಬಸ್‌ನ ನಾಲ್ಕೂ ಹಡಗು ಉಳಿದವು. ಹಿಂದಿನ ಪ್ರಯಾಣಗಳಲ್ಲಿ ಅವನು ಈ ಕಡಲಿನ ಲಕ್ಷಣ ಕಲಿತಿದ್ದ. ಹೆಸರು ಕೊಟ್ಟ ತೈನೊಗಳ ಗತಿ ಮಾತ್ರ ಕೆಟ್ಟಿತು. ಸಿಡುಬು, ಜೀತ, ಕೊಲೆ ಸೇರಿ ಕೆಲವೇ ದಶಕಗಳಲ್ಲಿ ಹೆಚ್ಚಿನವರು ಅಳಿದರು. ಪೋರ್ಟೊ ರಿಕೊದಲ್ಲಿ ಇವತ್ತಿಗೂ ತಾವು ತೈನೊಗಳು ಎನ್ನುವವರಿದ್ದಾರೆ.

ನಮ್ಮ 'ಸೈಕ್ಲೋನ್' ಹುಟ್ಟಿದ್ದು ಕಲ್ಕತ್ತಾದಲ್ಲಿ, 1840ರ ದಶಕದಲ್ಲಿ. ಬಂಗಾಳ ಕೊಲ್ಲಿಯ ಬಿರುಗಾಳಿಗಳು ಸುತ್ತು ಹೊಡೆಯುವುದನ್ನು ಗಮನಿಸಿದ ಹೆನ್ರಿ ಪಿಡಿಂಗ್ಟನ್ ಎಂಬ ಇಂಗ್ಲಿಷಿನವ ಗ್ರೀಕ್‌ನಿಂದ ಆ ಪದ ಕಟ್ಟಿದ. ಹಾವಿನ ಸುರುಳಿ ಅವನ ಮನಸ್ಸಿನಲ್ಲಿತ್ತು.

ತೈನೊಗಳಿಗೆ ಆ ಸುತ್ತು ಮೊದಲೇ ಗೊತ್ತಿತ್ತೇ? ಕ್ಯೂಬಾದ ವಿದ್ವಾಂಸ ಫರ್ನಾಂಡೊ ಓರ್ಟಿಸ್ ಹಾಗೆಂದೇ ವಾದಿಸಿದ. ಅಲ್ಲಿ ಸಿಕ್ಕ ಹಳೆಯ ಗೊಂಬೆಗಳಲ್ಲಿ ನಡುವೆ ಒಂದು ಮುಖ, ಎರಡು ಕಡೆಗೆ ಸುರುಳಿಯಂತೆ ಬಾಗಿದ ತೋಳು. ನಮ್ಮ ಟಿವಿ ನಕ್ಷೆಯಲ್ಲಿ ಹರಿಕೇನ್‌ಗೆ ಹಾಕುವ ಗುರುತೂ ಒಂದು ದುಂಡು, ಎರಡು ಬಾಗಿದ ತೋಳು. ಓರ್ಟಿಸ್ ಹೇಳಿದ್ದನ್ನು ಎಲ್ಲರೂ ಒಪ್ಪುವುದಿಲ್ಲ. ನಾನಂತೂ ಒಪ್ಪುತ್ತೇನೆ.