ಗಾಳಿ ಇಳಿದ ಚೆಂಡು, 11ನೇ ನಂಬರ್

ಸಂಚಿಕೆಗೆ ಬರೆಯಿರಿ ಅಂದರೆ ಹಳೆಯ ವಿದ್ಯಾರ್ಥಿಗಳೆಲ್ಲ ಹಾಕಿ ಬಗ್ಗೆಯೇ ಬರೆಯುತ್ತಾರೆ. ಕೊಡಗಿನ ಶಾಲೆ, ಇನ್ನೇನು ಬರೆಯುತ್ತಾರೆ ಅಲ್ವಾ? ನಾನು ರಗ್ಬಿ ಬಗ್ಗೆ ಬರೆಯುತ್ತೇನೆ.

ಜೂನ್ ಬಂತೆಂದರೆ ನಮ್ಮ ಮೈದಾನದ ಕೆಸರಲ್ಲಿ ಹಾಕಿ ಚೆಂಡು ಬಿದ್ದಲ್ಲೇ ಕೂರುತ್ತಿತ್ತು. ಆದರೆ ಮಿಲಿಟರಿಯಿಂದ ರಿಟೈರ್ ಆಗಿ ಬಂದಿದ್ದ ನಮ್ಮ ಪಿ.ಟಿ. ಮೇಷ್ಟ್ರಿಗೆ ಮಳೆ ಅಂದರೆ ರಜೆ ಅಲ್ಲ. ಅರ್ಧ ಗಾಳಿ ಇಳಿದ ಫುಟ್‌ಬಾಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಂದು, "ಓಡಿ, ಆದರೆ ಕೈಯಿಂದ ಮುಂದಕ್ಕೆ ಎಸೆಯಬೇಡಿ" ಅಂದರು. ಹಾಕಿ ಹುಡುಗರಿಗೆ ಇದಕ್ಕಿಂತ ಹಿಂಸೆ ಬೇಕಾ? ಮುಂದೆ ಗೆಳೆಯ ಖಾಲಿ ನಿಂತು ಕೂಗುತ್ತಿದ್ದಾನೆ, ಅವನಿಗೆ ಕೊಡುವ ಹಾಗಿಲ್ಲ, ಹಿಂದಿನಿಂದ ಓಡಿ ಬರುವವನಿಗೇ ಕೊಡಬೇಕು. ಮೊದಲ ವಾರ ಪೂರ್ತಿ ಬರೀ ಸೀಟಿ.

1999ರ ಮಳೆಗಾಲದಲ್ಲಿ ಮೇಷ್ಟ್ರು ಒಂದು ಕ್ಯಾಸೆಟ್ ತಂದರು. 1995ರ ವಿಶ್ವಕಪ್ ಸೆಮಿಫೈನಲ್, ಕೇಪ್‌ಟೌನಿನಲ್ಲಿ ನ್ಯೂಜಿಲೆಂಡ್ ಮತ್ತು ಇಂಗ್ಲೆಂಡ್. ಊಟದ ಹಾಲ್‌ನಲ್ಲಿ, ಒದ್ದೆ ಸ್ವೆಟರ್ ವಾಸನೆಯ ನಡುವೆ, ನ್ಯೂಜಿಲೆಂಡಿನ 11ನೇ ನಂಬರ್ ಜೆರ್ಸಿಯ ಜೋನಾ ಲೋಮುವನ್ನು ಮೊದಲ ಸಲ ನೋಡಿದೆ. ಟೋಂಗಾದಿಂದ ಬಂದವರ ಮಗ, ಆಕ್ಲೆಂಡಿನ ಹುಡುಗ, ಆಗ ಬರೀ 20 ವರ್ಷ. ಆರಡಿ ಐದಂಗುಲ ಎತ್ತರ, ಸುಮಾರು 120 ಕೆ.ಜಿ. ಆಟ ಶುರುವಾಗಿ ಕೆಲವೇ ನಿಮಿಷ. ಪಾಸ್ ಅವನ ಹಿಂದೆ ಬಿತ್ತು. ತಿರುಗಿ ಹಿಡಿದ, ಒಬ್ಬನನ್ನು ದಾಟಿದ, ಇನ್ನೊಬ್ಬ ಕಾಲಿಗೆ ಕೈ ಹಾಕಿದಾಗ ಮುಗ್ಗರಿಸಿದ, ಮುಗ್ಗರಿಸುತ್ತಲೇ ಎದುರಿಗಿದ್ದ ಇಂಗ್ಲೆಂಡಿನ ಮೈಕ್ ಕ್ಯಾಟ್ ಮೇಲೆ ನಡೆದುಕೊಂಡೇ ಹೋದ ಹಾಗೆ ಹೋಗಿ ಟ್ರೈ ಹೊಡೆದ, ಅಂದರೆ ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದ. ಅವತ್ತು ಅವನದೇ ಒಟ್ಟು ನಾಲ್ಕು ಟ್ರೈ, ನ್ಯೂಜಿಲೆಂಡ್ 45-29ರಿಂದ ಗೆದ್ದಿತು. ಮೇಷ್ಟ್ರು ಆ ಒಂದು ಓಟವನ್ನೇ ಹಿಂದಕ್ಕೆ ಸುತ್ತಿ ಸುತ್ತಿ ಹಾಕಿದರು, ಕರೆಂಟ್ ಹೋಗುವವರೆಗೆ.

ಕತ್ತಲಲ್ಲಿ ಅವರು ಫೈನಲ್ ಕಥೆ ಹೇಳಿದರು. ಅಲ್ಲಿ ದಕ್ಷಿಣ ಆಫ್ರಿಕಾದವರು ಇವನನ್ನು ಒಂದೂ ಟ್ರೈ ಹೊಡೆಯಲು ಬಿಡಲಿಲ್ಲ, ಹೆಚ್ಚುವರಿ ಸಮಯದಲ್ಲಿ 15-12ರಿಂದ ಗೆದ್ದರು. "ಎದೆಗೆ ಹೋಗಬೇಡಿ, ಕಾಲಿಗೆ ಹೋಗಿ. ಕಾಲು ಕಟ್ಟಿದರೆ ಆನೆಯೂ ನಿಲ್ಲುತ್ತೆ" ಅಂದರು. ದುಬಾರೆ ನೋಡಿದ ಮಕ್ಕಳಿಗೆ ಅದು ತಟ್ಟನೆ ಅರ್ಥವಾಯಿತು. (ಕೊನೆಯವರೆಗೂ ದಕ್ಷಿಣ ಆಫ್ರಿಕಾ ವಿರುದ್ಧ ಅವನಿಗೆ ಒಂದೂ ಟ್ರೈ ಸಿಗಲಿಲ್ಲ ಅಂತ ಆಮೇಲೆ ಓದಿದೆ.)

ಮರುದಿನದಿಂದ ಸ್ವಲ್ಪ ದಪ್ಪಗಿದ್ದವರೆಲ್ಲ ಲೋಮು. ಯಾರಾದರೂ ಸುಸ್ತು ಅಂತ ಕೂತರೆ "ಲೋಮು ಕೂರ್ತಾನಾ?" ಅಂತ ರೇಗಿಸುತ್ತಿದ್ದೆವು. ನಾನೇ ಜಾಸ್ತಿ.

ಹದಿನೈದು ವರ್ಷ ಕಳೆದ ಮೇಲೆ ಅಪ್ಪನ ಕಿಡ್ನಿ ಕೈಕೊಟ್ಟಿತು. ವಿರಾಜಪೇಟೆಯಿಂದ ಮೈಸೂರಿಗೆ, ಬೆಳಗಿನ ಮೊದಲ ಬಸ್ಸು, ನಾಲ್ಕು ಗಂಟೆ ಡಯಾಲಿಸಿಸ್ ಮೆಷಿನ್ನು. ಜೀವನವೆಲ್ಲ ಕಾಫಿ ಬೆಳೆದ ಮನುಷ್ಯ, ಈಗ ಕುಡಿಯುವುದಕ್ಕೆಲ್ಲ ಮಿತಿ, ಹುಣಸೂರಿನಲ್ಲಿ ಅರ್ಧ ಲೋಟ ಕಾಫಿಗೂ ಲೆಕ್ಕ ಹಾಕಬೇಕು. ಆ ವಾರ್ಡಿನಲ್ಲಿ ಕೂತು ಸುಮ್ನೆ ಮೊಬೈಲ್ ನೋಡುವಾಗ ಗೊತ್ತಾಯಿತು: ಲೋಮುಗೆ ಕಿಡ್ನಿ ಕಾಯಿಲೆ ಪತ್ತೆಯಾಗಿದ್ದು 1995ರ ಕೊನೆಯಲ್ಲೇ. ನಾವು ಕ್ಯಾಸೆಟ್ ನೋಡುವ ಹೊತ್ತಿಗೆ ಅವನು ರೋಗಿ. ಆದರೂ ಅದೇ 1999ರ ವಿಶ್ವಕಪ್‌ನಲ್ಲಿ ಎಂಟು ಟ್ರೈ ಹೊಡೆದ! 63 ಅಂತಾರಾಷ್ಟ್ರೀಯ ಪಂದ್ಯ, 37 ಟ್ರೈ, ಎಲ್ಲ ಮುಗಿದದ್ದು 2002ಕ್ಕೆ. 2003ರಲ್ಲಿ ವಾರಕ್ಕೆ ಮೂರು ಸಲ ಡಯಾಲಿಸಿಸ್. 2004ರಲ್ಲಿ ವೆಲಿಂಗ್ಟನ್ನಿನ ರೇಡಿಯೊ ನಿರೂಪಕ ಗ್ರಾಂಟ್ ಕೆರೆಯಾಮಾ ತನ್ನದೊಂದು ಕಿಡ್ನಿ ಕೊಟ್ಟ. ಅದನ್ನು ಇಟ್ಟುಕೊಂಡು ಮತ್ತೆ ಮೈದಾನಕ್ಕೆ ಇಳಿದ, ವೇಲ್ಸ್‌ನ ಕಾರ್ಡಿಫ್ ಕ್ಲಬ್‌ಗೆ ಆಡಿದ. 2011ರಲ್ಲಿ ಅದೂ ಕೆಟ್ಟಿತು. 2015ರ ನವೆಂಬರ್ 18ರಂದು ಹೋದ, 40 ವರ್ಷಕ್ಕೆ.

ಅವತ್ತು ಅಪ್ಪನಿಗೆ ಆ ಓಟ ತೋರಿಸಿದೆ. ಇವನಿಗೂ ಇದೇ ಮೆಷಿನ್ನು ಅಂದೆ. ಅಪ್ಪ ಟ್ಯೂಬು ಇಲ್ಲದ ಕೈಯಲ್ಲಿ ಫೋನ್ ಹಿಡಿದು ಎರಡು ಸಲ ನೋಡಿದರು.

"ಕೆಳಗೆ ಬಿದ್ದ ಹುಡುಗ ಎದ್ದನಾ?"

ಎದ್ದ, 2003ರಲ್ಲಿ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದಲ್ಲಿ ಅವನೂ ಇದ್ದ ಅಂದೆ.

"ಹಾಗಾದರೆ ಸರಿ" ಅಂತ ಕಣ್ಣು ಮುಚ್ಚಿದರು. ಇನ್ನೂ ಎರಡೂವರೆ ಗಂಟೆ ಬಾಕಿ ಇತ್ತು.