ಮೋಟು ಕಂಡರೆ ಮೊದಲು ಬೇರು ನೋಡಿ

1870ರ ದಶಕದ ಕೊನೆಗೆ ಮುಂಬೈಯ ಪ್ರಿನ್ಸಸ್ ಡಾಕ್ ಅಗೆಯುವಾಗ ಕೆಸರಿನಡಿ ಒಂದು ಕಾಡೇ ಸಿಕ್ಕಿತು. ಅಲ್ಲಿದ್ದದ್ದು ಕಗ್ಗಲಿ ಮರ. ಎಲೆಯಡಿಕೆಗೆ ಹಾಕುವ ಕಾಚು ಬರುವುದು ಇದರ ಚೇಗಿನಿಂದಲೇ. ಬಹಳಷ್ಟು ಮೋಟುಗಳು ಬೇರುಬಿಟ್ಟ ಜಾಗದಲ್ಲೇ ನೆಟ್ಟಗೆ ನಿಂತಿದ್ದವು. ಕಗ್ಗಲಿ ಉಪ್ಪುನೀರಲ್ಲಿ ಬದುಕುವ ಮರವಲ್ಲ, ಆದ್ದರಿಂದ ಅಲ್ಲಿ ಹಿಂದೆ ಒಣನೆಲ ಇತ್ತೆನ್ನುವುದು ಖಚಿತ. ಆದರೆ ನೆಲ ಕುಸಿಯಿತೋ ಕಡಲು ಏರಿತೋ, ಅದನ್ನು ಮರವೊಂದೇ ಹೇಳುವುದಿಲ್ಲ.

ಹಾಗಾಗಿ ಕಡಲಂಚಿನಲ್ಲಿ ಮೋಟು ಕಂಡರೆ ಮೊದಲ ಪ್ರಶ್ನೆ: ಇದು ಇಲ್ಲೇ ಬೆಳೆದದ್ದೋ, ಹೊಳೆಯಲ್ಲಿ ತೇಲಿ ಬಂದದ್ದೋ? ಬುಡದ ಸುತ್ತ ಒಂದಡಿ ಮರಳನ್ನು ಕೈಯಿಂದ ಸರಿಸಿ, ಬಕೆಟ್ ನೀರು ಸುರಿದು ತೊಳೆಯಿರಿ. ಬ್ರಷ್ ಬೇಡ, ಮೆತ್ತಗಾದ ಮರದ ಮೇಲ್ಮೈ ಕಿತ್ತು ಬರುತ್ತದೆ. ಬೇರುಗಳು ನಾಲ್ಕೂ ದಿಕ್ಕಿಗೆ ಹರಡಿ, ತೆಳುವಾಗುತ್ತಾ ಕೆಳಗಿನ ಮಣ್ಣಿನೊಳಗೆ ಇಳಿದಿದ್ದರೆ ಅಲ್ಲೇ ಬೆಳೆದ ಮರ. ತುಂಡಾಗಿ, ಉಜ್ಜಿ ನುಣುಪಾಗಿದ್ದರೆ ತೇಲಿ ಬಂದದ್ದು. ಕಾಂಡ್ಲಾ (ಮ್ಯಾಂಗ್ರೋವ್) ಜಾತಿಯಾದರೆ ಇನ್ನೂ ಎಚ್ಚರ ಬೇಕು: ಅದು ಬೆಳೆಯುವುದೇ ಉಬ್ಬರ-ಇಳಿತದ ನಡುವೆ. ಅದರ ಮೋಟು ಆ ಕಾಲದ ಕಡಲಮಟ್ಟದ ಗುರುತು, ಮುಳುಗಿದ ಒಣನೆಲದ್ದಲ್ಲ.

ಬೇರಿನಡಿಯ ಕಪ್ಪು ಪದರವೇ ಪೀಟ್. ತಾರಸಿ ತೋಟದವರು ತರುವ ಕೊಕೊಪೀಟ್‌ಗೂ ಇದಕ್ಕೂ ಸಂಬಂಧವಿಲ್ಲ. ಇದು ಗಾಳಿಯಾಡದ ಜೌಗಿನಲ್ಲಿ ಪೂರ್ತಿ ಕೊಳೆಯದೆ ಉಳಿದ ಗಿಡಗಂಟಿ. ಮೇಲಿನ ಬೂದು ಜೇಡಿಯಲ್ಲಿ ಫೊರಾಮಿನಿಫೆರಾ ಎಂಬ ಸೂಕ್ಷ್ಮಜೀವಿಗಳ ಚಿಪ್ಪು ಸಿಕ್ಕರೆ ಕಡಲು ಬಂದದ್ದು ಆ ಮಟ್ಟದಲ್ಲಿ. ಮೇಲೆ ಮಣ್ಣಿನ ಭಾರ ಬಿದ್ದಂತೆ ಪೀಟ್ ಕುಗ್ಗುತ್ತದೆ, ಮರವೂ ಜೊತೆಗೆ ಕೆಳಗಿಳಿಯುತ್ತದೆ. ಕಡಲಮಟ್ಟದ ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲೇ. ಗಟ್ಟಿ ನೆಲಕ್ಕೆ ತಾಗಿದ ತಳಪದರದ ಮಾದರಿಯನ್ನೇ ನಂಬಿ.

ಬೆಂಗಳೂರಿನಿಂದ ಹೋಗುವವರು ಬಸ್ ಟಿಕೆಟ್‌ಗಿಂತ ಮೊದಲು ಉಬ್ಬರ-ಇಳಿತದ ಪಟ್ಟಿ ನೋಡಬೇಕು. ದೊಡ್ಡ ಇಳಿತ ಬರುವುದು ಅಮಾವಾಸ್ಯೆ, ಹುಣ್ಣಿಮೆಯಾಗಿ ಒಂದೆರಡು ದಿನಕ್ಕೆ, ನಮ್ಮ ಶನಿವಾರ-ಭಾನುವಾರಕ್ಕಲ್ಲ. ಸಮಯವೂ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ತೀರಾ ಇಳಿಯುವ ಹೊತ್ತಿಗೆ ಎರಡು ಗಂಟೆ ಮೊದಲೇ ಅಲ್ಲಿರಿ, ನೀರು ತಿರುಗಿದ ಕೂಡಲೇ ಹೊರಡಿ. ಮಳೆಗಾಲ ದಂಡೆಯ ಮರಳನ್ನು ಒಯ್ಯುತ್ತದೆ, ಆಮೇಲಿನ ಶಾಂತ ಅಲೆಗಳು ವಾಪಸು ತರುತ್ತವೆ. ಹಾಗಾಗಿ ಕೆಳಗಿನ ಪದರ ಕಾಣುವುದು ಮಳೆ ಮುಗಿದ ಮೊದಲ ವಾರಗಳಲ್ಲಿ. ಬ್ರಿಟನ್ನಿನ ಸೆವರ್ನ್ ಅಳಿವೆಯಲ್ಲಿ ನೀರು 12 ಮೀಟರಿಗೂ ಹೆಚ್ಚು ಏರಿಳಿಯುತ್ತದೆ, ಮಂಗಳೂರಲ್ಲಿ 2 ಮೀಟರೂ ಇಲ್ಲ. ಅಲ್ಲಿ ಕಾಲ್ನಡಿಗೆಗೆ ಸಿಗುವಷ್ಟು ಇಲ್ಲಿ ಸಿಗುವುದಿಲ್ಲ. ವೇಲ್ಸಿನ ಬೋರ್ತ್‌ನಲ್ಲಿ 2014ರ ಬಿರುಗಾಳಿ ಮರಳನ್ನು ಎಳೆದೊಯ್ದಾಗ ಮೋಟುಗಳ ಸಾಲುಸಾಲೇ ಕಂಡಿತ್ತು.

ಅನುಮತಿಯಿಲ್ಲದೆ ಏನನ್ನೂ ಕೀಳಬೇಡಿ. ಅನುಮತಿ ಇದ್ದರೆ ಫೋಟೋ, ಜಿಪಿಎಸ್, ಎತ್ತರದ ಅಳತೆ, ಬಿದ್ದ ಕಾಂಡದ ದಿಕ್ಕು ಮೊದಲು, ಗರಗಸ ಆಮೇಲೆ. ಪೀಟ್‌ಗೆ 50 ಸೆಂ.ಮೀ. ಉದ್ದದ ಸ್ಟೀಲ್ ಡಬ್ಬ ಸಾಕು. ಕಡಿದು ಸಮ ಮಾಡಿದ ಪೀಟ್ ಗೋಡೆಗೆ ಅದನ್ನು ಬಡಿದು ಕೂರಿಸಿ, ಮೇಲ್ಭಾಗ ಯಾವುದೆಂದು ಬರೆದು, ಆಮೇಲೆ ಹಿಂದಿನಿಂದ ಕತ್ತರಿಸಿ ತೆಗೆಯಿರಿ. ಆ ಕಾಲದ ಗಿಡಮರ ಯಾವುವೆಂದು ಹೇಳುವ ಪರಾಗಕಣಗಳ ಪರೀಕ್ಷೆಗೆ ಅದರಿಂದ ಎರಡು ಸೆಂ.ಮೀ.ಗೊಂದರಂತೆ ಒಂದು ಸಿ.ಸಿ. ಮಣ್ಣು ಸಾಕಾಗುತ್ತದೆ.

ಕಾರ್ಬನ್-14 ಎಷ್ಟು ಉಳಿದಿದೆಯೆಂದು ನೋಡಿ ಕಾಲ ಹೇಳುವ ರೇಡಿಯೋಕಾರ್ಬನ್ ಪರೀಕ್ಷೆಗೆ ತೊಗಟೆಗೆ ಹತ್ತಿರದ ಹೊರ ಉಂಗುರಗಳೇ ಬೇಕು. ನಡುತಿರುಳು ಕೊಟ್ಟರೆ ಮರ ಸತ್ತ ಕಾಲವಲ್ಲ, ಹುಟ್ಟಿದ ಕಾಲ ಬರುತ್ತದೆ. ಇನ್ನೂರು ವರ್ಷದ ಮರಕ್ಕೆ ಅದೇ ಇನ್ನೂರು ವರ್ಷದ ತಪ್ಪು. ಈಚಿನ ಗಿಡಗಳ ಎಳೆಬೇರು ಒಳಗೆ ನುಗ್ಗಿದ್ದರೆ ಚಿಮಟದಿಂದ ಆಯ್ದು ತೆಗೆಯಬೇಕು. ಕಾರ್ಬನ್-14 ಪೂರ್ತಿ ಕ್ಷಯಿಸಿದ ಮಾದರಿಗೆ ಹೊಸ ಕಾರ್ಬನ್ 1% ಬೆರೆತರೂ ಅದು ಸುಮಾರು 37,000 ವರ್ಷದ್ದೆಂದು ತೋರುತ್ತದೆ! ಕೇರಳದ ಕುಟ್ಟನಾಡಿನ ಕರಿ ಗದ್ದೆಗಳಡಿ ಸಿಗುವಂಥ ಹಳೆಯ ದಿಮ್ಮಿಗಳಿಗೆ ಇದು ಸಣ್ಣ ವಿಷಯವಲ್ಲ.

ಉಂಗುರ ಎಣಿಸಿ ಕಾಲ ಹೇಳುವ ವಿದ್ಯೆ ಇಂಗ್ಲೆಂಡಿನ ಓಕ್ ಮರಕ್ಕೆ ಒಲಿದಷ್ಟು ನಮ್ಮ ಮರಗಳಿಗೆ ಒಲಿಯುವುದಿಲ್ಲ. ನಾರ್ಫೋಕ್ ಕಡಲತಡಿಯಲ್ಲಿ 1998ರಲ್ಲಿ ಕಂಡ ಸೀಹೆಂಜ್ ಎಂಬ ಪುರಾತನ ಮರದ ವೃತ್ತದ 55 ಓಕ್ ಕಂಬಗಳನ್ನು ಕಡಿದದ್ದು ಕ್ರಿ.ಪೂ. 2049ರಲ್ಲಿ ಎಂದು ವರ್ಷದ ಮಟ್ಟಕ್ಕೆ ಹೇಳಿಬಿಟ್ಟಿದ್ದಾರೆ. ನಮ್ಮಲ್ಲಿ ತೇಗಕ್ಕೆ ಉಂಗುರ ಸ್ಪಷ್ಟ, ಕಾಂಡ್ಲಾಕ್ಕೆ ಅಲ್ಲ. ಜಾತಿ ಗುರುತಿಸಲು ಮಾತ್ರ ದೂರ ಹೋಗಬೇಕಿಲ್ಲ: ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಹೋಲಿಸಿ ನೋಡಲು ಮರದ ಮಾದರಿಗಳ ಸಂಗ್ರಹವೇ ಇದೆ. ಅಡ್ಡ, ತಿರುಳಿನಿಂದ ತೊಗಟೆಯ ಕಡೆಗೆ, ಉಂಗುರಕ್ಕೆ ತಾಗಿದಂತೆ ಉದ್ದಕ್ಕೆ, ಹೀಗೆ ಮೂರು ಸೀಳು ಬೇಕು. ಒದ್ದೆ ಮರಕ್ಕೆ ಹೊಸ ಬ್ಲೇಡು ಸಾಕು.

ಒದ್ದೆಯಾಗಿಯೇ ಉಳಿಸುವುದು ಮುಖ್ಯ. ಒಳಗಿನ ಸೆಲ್ಯುಲೋಸ್ ಬಹುಪಾಲು ಕರಗಿಹೋಗಿ ಜೀವಕೋಶದ ಗೋಡೆಗಳನ್ನು ನೀರೇ ಹಿಡಿದಿರುತ್ತದೆ. ನೀರು ಆರುವಾಗ ಅದರ ಸೆಳೆತಕ್ಕೆ ಗೋಡೆಗಳು ಒಳಕ್ಕೆ ಕುಸಿದು, ಮರ ಸೊಟ್ಟಗಾಗಿ ಬಿರಿಯುತ್ತದೆ. ಫಾಯಿಲ್ ಸುತ್ತಿ, ಎರಡು ಜಿಪ್ ಕವರಿನೊಳಗೆ ಹಾಕಿ ಫ್ರಿಡ್ಜ್‌ನ ಕೆಳತಟ್ಟೆಯಲ್ಲಿಡಿ. ಫ್ರೀಜರ್ ಬೇಡ, ಮಂಜುಗಡ್ಡೆಯ ಹರಳು ಕೋಶ ಒಡೆಯುತ್ತದೆ. ಸ್ಪಿರಿಟ್ ಹಾಕಿದರೆ ಹೊರಗಿನ ಕಾರ್ಬನ್ ಸೇರುತ್ತದೆ. ಚೀಟಿಯನ್ನು ಪೆನ್ಸಿಲಿನಲ್ಲೇ ಬರೆಯಿರಿ. ಜೆಲ್ ಪೆನ್ ಶಾಯಿ ತೇವಕ್ಕೆ ಹರಡಿದರೆ ಯಾವ ಮೋಟಿನ ತುಂಡು ಯಾವುದೆಂದು ಹೇಳಲು ಯಾರಿಗೂ ಆಗುವುದಿಲ್ಲ.